ವರಾಂಡದಲ್ಲಿ ಕೊಟ್ಟ ಮಾತು

ಶಾಸಕರ ಮನೆಯಲ್ಲಿ ಕಚೇರಿಗಳು ಎರಡಿದ್ದವು. ಒಳಗಿನದು ಹೆಸರಿಗೆ ತಕ್ಕ ಹಾಗಿತ್ತು. ಗಾಜು ಹಾಸಿದ ಮೇಜು, ತಿರುಗುವ ಕುರ್ಚಿ, ಗೋಡೆಯ ತುಂಬ ಕ್ಷೇತ್ರದ ನಕ್ಷೆ, ಬಾಗಿಲಿಗೊಬ್ಬ ಸಹಾಯಕ. ಹೊರಗಿನದು ವರಾಂಡದ ಮರದ ಬೆಂಚು. ಅದರ ತುದಿಯಲ್ಲಿ ಶಾಸಕರ ತಾಯಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಬಟಾಣಿಯನ್ನೋ ಬೀನ್ಸನ್ನೋ ಬಿಡಿಸುತ್ತ ಕೂತಿರುತ್ತಿದ್ದರು. ಒಳಗೆ ಹೋಗಬೇಕಾದರೆ ಸಹಾಯಕನ ಮುಂದೆ ಹಲ್ಲು ಗಿಂಜಬೇಕು. ಹೊರಗೆ ಅಜ್ಜಿಯ ಪಕ್ಕ ಜಾಗ ಸಿಕ್ಕರೆ ಆಯಿತು. ಬಂದವರಲ್ಲಿ ಸ್ವಲ್ಪ ಬುದ್ಧಿ ಇದ್ದವರು ಯಾರೂ ಒಳಗೆ ಹೋಗುತ್ತಿರಲಿಲ್ಲ.

ಇದು ಶುರುವಾದದ್ದು ಶಾಸಕರು ಮೊದಲ ಸಲ ಚುನಾವಣೆಗೆ ನಿಂತಾಗ. ಆಗ ಅವರು ಬಸ್ ನಿಲ್ದಾಣದ ಹಿಂದೆ ಸ್ಕೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು, ಪುರಸಭೆಯಲ್ಲಿ ಒಂದು ಅವಧಿ ಸದಸ್ಯರಾಗಿದ್ದರು. ಕೆಲಸ ಗೊತ್ತು, ಮಾತು ಗೊತ್ತಿಲ್ಲ. ಮೊದಲ ದೊಡ್ಡ ಸಭೆಯಲ್ಲಿ ಮೈಕಿನ ಮುಂದೆ ನಿಂತವರು "ಬಂಧುಗಳೇ" ಅಂದರು, ಮುಂದಿನ ಮಾತು ಹೊರಡಲಿಲ್ಲ. ಜನ ನಗಲು ಶುರು ಮಾಡಿದರು. ಮುಂದಿನ ಸಾಲಿನಲ್ಲಿದ್ದ ತಾಯಿ ಎದ್ದು, ಮೆಟ್ಟಿಲು ಹತ್ತಿ, ಮಗನನ್ನು ಪಕ್ಕಕ್ಕೆ ಸರಿಸಿ ಮೈಕು ಹಿಡಿದರು.

"ಇವನಿಗೆ ಮಾತಾಡೋಕೆ ಬರಲ್ಲ, ಕೆಲಸ ಮಾಡೋಕೆ ಬರುತ್ತೆ. ಮಾಡದಿದ್ರೆ ನನ್ನ ಕೇಳಿ. ನಾನು ಮನೇಲೇ ಇರ್ತೀನಿ."

ಜನ ಚಪ್ಪಾಳೆ ತಟ್ಟಿದರು, ಓಟು ಹಾಕಿ ಗೆಲ್ಲಿಸಿದರು. ಹೇಳಿದ ಹಾಗೆ ಕೇಳುವುದಕ್ಕೂ ಬಂದರು. ಪಿಂಚಣಿ ನಿಂತ ವಿಧವೆ, ಚರಂಡಿ ಕಟ್ಟಿಕೊಂಡ ಬೀದಿಯವರು, ವರ್ಗಾವಣೆ ಬೇಕಾದ ಮೇಷ್ಟ್ರು, ಎಲ್ಲರೂ ಬೆಂಚಿನ ಮೇಲೆ ಕೂತು ಅಜ್ಜಿಗೆ ಹೇಳಿದರು. ಅಜ್ಜಿ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಆಗದ್ದಾದರೆ "ಇದು ಆಗಲ್ಲಪ್ಪ, ಸುಮ್ಮನೆ ಬಸ್ ಚಾರ್ಜ್ ದಂಡ ಮಾಡ್ಕೋಬೇಡ" ಎಂದು ಮುಖಕ್ಕೆ ಹೇಳುತ್ತಿದ್ದರು. ಆಗುವುದಾದರೆ ಒಂದೇ ಮಾತು, "ಆಗುತ್ತೆ, ಹೋಗು." ಹೋದವರು ಇನ್ನೊಬ್ಬರನ್ನು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಅಜ್ಜಿ ಆಲೂಗಡ್ಡೆ ಹೆರೆಯುತ್ತ ಎಲ್ಲವನ್ನೂ ಸೊಸೆಗೆ ಒಪ್ಪಿಸುತ್ತಿದ್ದರು. ಯಾರು ಬಂದಿದ್ದರು, ಯಾರ ಮಗಳು, ಯಾವ ಇಲಾಖೆಯ ಯಾವ ಗುಮಾಸ್ತ ಫೈಲಿನ ಮೇಲೆ ಕೂತಿದ್ದಾನೆ. ಬರೆದಿಟ್ಟುಕೊಳ್ಳುವ ಅಭ್ಯಾಸ ಅತ್ತೆಗೂ ಇಲ್ಲ, ಸೊಸೆಗೂ ಇಲ್ಲ. ಬೆಳಿಗ್ಗೆ ಗಂಡ ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಸೊಸೆ ಅದನ್ನು ಅವರ ಕಿವಿಗೆ ಹಾಕುತ್ತಿದ್ದಳು. ಅವರು ಮಾಡಿಸುತ್ತಿದ್ದರು. ವಿಧಾನಸಭೆಯಲ್ಲಿ ಅವರು ಬಾಯಿ ಬಿಟ್ಟದ್ದು ಕಡಿಮೆ. ಆದರೆ ಯಾವ ಫೈಲು ಯಾವ ಮೇಜಿನ ಕೆಳಗೆ ನಿದ್ದೆ ಮಾಡುತ್ತಿದೆ ಎಂಬುದು ಅವರಷ್ಟು ಗೊತ್ತಿದ್ದವರು ಇರಲಿಲ್ಲ. ಮಾತು ಕಲಿತ ಮೇಲೆ ಎಲ್ಲ ಭಾಷಣದಲ್ಲೂ ಒಂದು ಸಾಲು ಸೇರಿಸುತ್ತಿದ್ದರು, "ನಮ್ಮಮ್ಮ ಕೊಟ್ಟ ಮಾತು ನನ್ನ ಮಾತು." ಹಾಗೆ ಮೂರು ಸಲ ಗೆದ್ದರು.

ಮೂರನೆಯ ಅವಧಿಯಲ್ಲಿ ಬೆಳಗಿನ ಬ್ರೆಡ್ಡು ಬೆಣ್ಣೆ ಮನೆಯಲ್ಲಿ ತಪ್ಪಿತು. ಮುಂದಿನ ಸಲ ಗೆದ್ದರೆ ಮಂತ್ರಿ ಮಾಡುತ್ತೇವೆ ಎಂದು ಪಕ್ಷದವರು ಆಸೆ ಹುಟ್ಟಿಸಿದ್ದರು. ಶಾಸಕರು ವಾರಕ್ಕೆ ನಾಲ್ಕು ದಿನ ರಾಜಧಾನಿಯಲ್ಲೇ ಉಳಿಯತೊಡಗಿದರು. ಸೊಸೆ ಫೋನ್ ಮಾಡಿದರೆ ಸಹಾಯಕ ಎತ್ತುತ್ತಿದ್ದ. "ಸಾರ್ ಮೀಟಿಂಗಲ್ಲಿದ್ದಾರೆ ಮೇಡಂ, ನಾನು ಹೇಳ್ತೀನಿ." ಅವನು ಹೇಳಿದನೋ ನುಂಗಿಕೊಂಡನೋ ದೇವರಿಗೇ ಗೊತ್ತು.

ಆಗ ಬಂದವಳು ನರ್ಸಮ್ಮ. ಆರೋಗ್ಯ ಕೇಂದ್ರದಲ್ಲಿ ವರ್ಷಗಟ್ಟಲೆಯಿಂದ ಹೆರಿಗೆ ಮಾಡಿಸುತ್ತಿದ್ದವಳು. ಗಂಡ ತೀರಿಕೊಂಡಿದ್ದ, ಮಗಳು ದೂರದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ತನ್ನ ಸ್ವಂತ ಕೆಲಸಕ್ಕೆಂದು ಒಮ್ಮೆಯೂ ಆ ಬೆಂಚಿಗೆ ಬಂದವಳಲ್ಲ.

"ಮತ್ತೆ ಜನರೇಟರಾ?" ಎಂದರು ಅಜ್ಜಿ, ಸ್ವಲ್ಪ ಸರಿದು ಜಾಗ ಬಿಡುತ್ತ.

"ಮತ್ತೆ ಅದೇ ಅಜ್ಜಿ. ನಿನ್ನೆ ಹೆರಿಗೆ ಮಧ್ಯೆ ಕರೆಂಟ್ ಹೋಯ್ತು. ಆಯಾ ಮೊಬೈಲ್ ಬೆಳಕು ಹಿಡ್ಕೊಂಡು ನಿಂತಿದ್ಲು. ಅದರ ಬ್ಯಾಟರಿನೂ ಮುಗೀತು."

"ಮಗು?"

"ಚೆನ್ನಾಗಿದೆ. ಕಿರುಚ್ಕೊಂಡೇ ಹುಟ್ತು, ಅದಕ್ಕೇ ಎಲ್ಲಿದೆ ಅಂತ ಗೊತ್ತಾಯ್ತು."

ಬೆಂಚಿನ ಮೇಲಿದ್ದ ದರ್ಜಿ ನಕ್ಕ, ಆಮೇಲೆ ನಗಬಾರದಿತ್ತೇನೋ ಎಂದು ಮುಖ ತಗ್ಗಿಸಿದ.

"ಆಗುತ್ತೆ ಅಂತ ನಾನು ಹೇಳಿದ್ದೆನಲ್ಲ," ಎಂದರು ಅಜ್ಜಿ.

"ಹೇಳಿದ್ರಿ. ಬೇಸಿಗೆಗೆ ಮುಂಚೆ ಹೇಳಿದ್ರಿ. ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಇನ್ನು ಬರಲ್ಲ ಅಂತ ಹೇಳಿ ಹೋಗೋಣ ಅಂತ ಬಂದೆ."

ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು. ಆ ಬೆಂಚಿಗೆ ಬಂದು ಹಾಗೆ ಅಂದವರು ಇದುವರೆಗೆ ಯಾರೂ ಇರಲಿಲ್ಲ.

"ಹೀಗೇ ಕೇಳ್ತಾ ಕೂತ್ರೆ ನನ್ನ ಕೂದಲು ಬೆಳ್ಳಗಾಗುತ್ತೆ ಅಷ್ಟೆ," ಎಂದಳು ನರ್ಸಮ್ಮ. "ನಾನೇ ಆ ಕುರ್ಚೀಲಿ ಕೂತಿದ್ರೆ ಇದು ಒಂದು ಬೆಳಗಿನ ಕೆಲಸ."

"ಹಾಗಾದ್ರೆ ಕೂತ್ಕೋ. ಈ ಸಲ ನೀನೇ ನಿಲ್ಲು. ನನ್ನ ಮಗ ನಿನಗೆ ಬಿಟ್ಟುಕೊಡ್ತಾನೆ."

"ತಮಾಷೆ ಮಾಡ್ತೀರಾ ಅಜ್ಜಿ?"

"ಈ ಬೆಂಚಿನ ಮೇಲೆ ಕೂತು ನಾನು ಯಾವತ್ತು ತಮಾಷೆ ಮಾಡಿದ್ದೀನಿ? ಮೂರು ಸಲ ಆಗಿದ್ದಾನೆ, ಸಾಕು. ಅವನಿಗೆ ಈಗ ಕಿವಿ ಮಂದ ಆಗಿದೆ. ನಿಂಗೆ ಬಿಟ್ಟುಕೊಡ್ತಾನೆ. ಆಗುತ್ತೆ, ಹೋಗು."

ದರ್ಜಿ ತನ್ನ ಅಹವಾಲನ್ನು ಹೇಳುವುದು ಬಿಟ್ಟು ಅಂಗಡಿಗೆ ಓಡಿದ. ಅವನ ಅಂಗಡಿಯಲ್ಲಿ ಒಂದು ಗುಂಡಿ ಹಾಕಿಸಿಕೊಳ್ಳಲು ಹೋದವರಿಗೂ ಊರಿನ ಸುದ್ದಿಯೆಲ್ಲ ಪುಕ್ಕಟೆ.

ಮಧ್ಯಾಹ್ನ ಸೊಸೆ ಸೂಪು ಬಡಿಸುತ್ತಿದ್ದಾಗ ಕಾಲೇಜಿನಿಂದ ಬಂದ ಮೊಮ್ಮಗಳು ಫೋನನ್ನು ತಟ್ಟೆಯ ಪಕ್ಕ ಇಟ್ಟು ಅಜ್ಜಿಯ ಮುಖವನ್ನೇ ನೋಡಿದಳು.

"ಅಜ್ಜಿ, ನೀನು ಅಪ್ಪನ ಸೀಟನ್ನ ಯಾರಿಗೋ ದಾನ ಮಾಡಿದ್ಯಂತೆ?"

"ಯಾರಿಗೋ ಅಲ್ಲ, ನರ್ಸಮ್ಮನಿಗೆ. ಉಪ್ಪು ಕೊಡು."

ಸೊಸೆ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಅತ್ತೆ, ಇದು ನಿಜಾನಾ?"

"ನಿಜ. ಸಂಜೆ ಹೇಳೋಣ ಅಂತಿದ್ದೆ."

"ಸಂಜೆ ಹೇಳೋ ವಿಷಯಾನಾ ಇದು? ಇದೇನು ಬೀದಿ ದೀಪವೇ?"

"ಬೀದಿ ದೀಪ ಹೇಳಿದ್ದೂ ಆಗಿಲ್ಲವಲ್ಲ," ಎಂದು ಅಜ್ಜಿ ಬ್ರೆಡ್ಡನ್ನು ಸೂಪಿಗೆ ಅದ್ದಿದರು.

ಅಷ್ಟರಲ್ಲಿ ಫೋನ್ ಬಂತು. ಈ ಸಲ ಸಹಾಯಕನಲ್ಲ, ಖುದ್ದು ಶಾಸಕರೇ. "ಅಮ್ಮನಿಗೆ ಕೊಡು" ಎಂದರು. ಸೊಸೆ ಫೋನನ್ನು ಮೇಜಿನ ಮಧ್ಯೆ ಇಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು.

"ಏನಮ್ಮ ಇದು?"

"ಊಟ ಆಯ್ತೇನೋ?"

"ಅಮ್ಮ, ಟಿಕೆಟ್ ಪಟ್ಟಿ ಇನ್ನೂ ಬಂದಿಲ್ಲ. ಈ ಹೊತ್ತಲ್ಲಿ ನೀನು ಹೀಗೆ ಹೇಳಿದ್ರೆ ನನ್ನ ಗತಿ ಏನು?"

"ಅಂಗಡಿ ಇದೆಯಲ್ಲ. ನಿನ್ನ ಕೈ ರಿಪೇರಿ ಮರೆತಿಲ್ಲ."

ಮೊಮ್ಮಗಳಿಗೆ ನಗು ತಡೆಯಲಾಗದೆ ಸೂಪು ನೆತ್ತಿಗೇರಿತು. "ಶನಿವಾರ ಬರ್ತೀನಿ, ಅಲ್ಲೀತನಕ ಯಾರ ಹತ್ತಿರಾನೂ ಮಾತಾಡಬೇಡ" ಎಂದು ಶಾಸಕರು ಇಟ್ಟರು. ಅಜ್ಜಿ ಮರುದಿನವೂ ಬೆಂಚಿನ ಮೇಲೆ ಕೂತರು, ಎಂದಿನಂತೆ ಮಾತಾಡಿದರು.

ಶುಕ್ರವಾರ ನರ್ಸಮ್ಮ ಹಿಂಬಾಗಿಲಿಗೆ ಬಂದಳು. ಸೊಸೆ ಬಟ್ಟೆ ಒಣಹಾಕುತ್ತಿದ್ದಳು. ಯೂನಿಫಾರಂ ಇಲ್ಲದ ನರ್ಸಮ್ಮನನ್ನು ಒಂದು ಕ್ಷಣ ಗುರುತೇ ಹಿಡಿಯಲಿಲ್ಲ.

"ರಾಜೀನಾಮೆ ಕೊಟ್ಟುಬಂದೆ ಅಕ್ಕ. ಸರ್ಕಾರಿ ಕೆಲಸದಲ್ಲಿದ್ದು ಚುನಾವಣೆಗೆ ನಿಲ್ಲೋ ಹಾಗಿಲ್ಲವಂತೆ."

ಸೊಸೆಯ ಕೈಯಲ್ಲಿದ್ದ ಒದ್ದೆ ಅಂಗಿ ಹಾಗೇ ಉಳಿಯಿತು. "ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತಾ?"

"ಅಜ್ಜಿ ಹೇಳಿದ ಮೇಲೆ ಇನ್ಯಾರನ್ನ ಕೇಳೋದು?"

ಅದು ಅವಳೊಬ್ಬಳ ತಪ್ಪಲ್ಲ. ಆ ಊರಿನ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಅಜ್ಜಿ "ಆಗುತ್ತೆ" ಅಂದರೆಂದು ಸಾಲ ಮಂಜೂರಾಗುವ ಮೊದಲೇ ಹಳೇ ಗೋಡೆ ಕೆಡವಿದವರಿದ್ದರು, ವರ್ಗಾವಣೆಯ ಕಾಗದ ಬರುವ ಮೊದಲೇ ಮನೆ ಖಾಲಿ ಮಾಡಿ ಸಾಮಾನು ಲಾರಿಗೆ ಏರಿಸಿದವರಿದ್ದರು. ಅವರಿಗೆಲ್ಲ ಆಗಿತ್ತು.

ಸೊಸೆ ಒಳಗೆ ಬಂದು ಅತ್ತೆಯ ಮುಂದೆ ನಿಂತಳು. ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದಿದ್ದವು.

"ಅವಳು ಕೆಲಸ ಬಿಟ್ಟು ಬಂದಿದ್ದಾಳೆ ಅತ್ತೆ. ಮಗಳ ಹಾಸ್ಟೆಲ್ ಫೀಜು ಯಾರು ಕಟ್ಟಬೇಕು? ನಿಮ್ಮ ಮಗನ ಮೇಲಿನ ಸಿಟ್ಟಿಗೆ ಅವಳ ಹೊಟ್ಟೆ ಮೇಲೆ ಹೊಡೆದ್ರಲ್ಲ."

ಅಜ್ಜಿಯ ಮುಖ ಸಣ್ಣದಾಯಿತು. "ಕೆಲಸ ಬಿಡ್ತಾಳೆ ಅಂತ ನನಗೆ ಹೊಳೀಲಿಲ್ಲ ಕಣೇ."

"ಈಗೇನು ಮಾಡ್ತೀರಿ?"

"ಈಗ ಅವಳು ನಿಲ್ಲಲೇಬೇಕು. ಹಿಂದೆ ಹೋಗೋ ದಾರಿ ನನಗೂ ಇಲ್ಲ, ಅವಳಿಗೂ ಇಲ್ಲ."

ಶನಿವಾರ ಶಾಸಕರು ಬಂದರು. ಜೊತೆಗೆ ಪಕ್ಷದ ಕಾರ್ಯದರ್ಶಿಯೂ ಬಂದ. ಅಂಗಿಯ ಮೇಲೆ ಒಂದು ಸುಕ್ಕನ್ನೂ ಸಹಿಸದ ಅವನನ್ನು ಮೊಮ್ಮಗಳು ಬೆನ್ನ ಹಿಂದೆ "ಇಸ್ತ್ರಿ" ಎನ್ನುತ್ತಿದ್ದಳು. ಊಟದ ಮೇಜಿನಲ್ಲಿ ಹುರಿದ ಮೀನು, ಅನ್ನ, ಬಟಾಣಿ ಪಲ್ಯ ಇದ್ದವು. ಇಸ್ತ್ರಿ ತೊಡೆಯ ಮೇಲೆ ಕರವಸ್ತ್ರ ಹಾಸಿಕೊಂಡು ಮೀನಿನ ಮುಳ್ಳು ತೆಗೆಯುತ್ತ ಬಲು ನಯವಾಗಿ ಮಾತಾಡಿದ.

"ಅಜ್ಜಿ, ಜನ ತಪ್ಪು ತಿಳ್ಕೊಂಡಿದ್ದಾರೆ. ನೀವು ಬೇರೇನೋ ಅರ್ಥದಲ್ಲಿ ಹೇಳಿದ್ರಿ, ಅಲ್ವಾ?"

"ಇಲ್ಲಪ್ಪ. ಅದೇ ಅರ್ಥದಲ್ಲೇ ಹೇಳಿದ್ದು."

ಶಾಸಕರು ತಟ್ಟೆಯಿಂದ ತಲೆ ಎತ್ತಲಿಲ್ಲ. ಇಳಿದನಿಯಲ್ಲಿ ಮಾತಾಡಿದರು. "ಅಮ್ಮ, ಇಷ್ಟು ವರ್ಷದಲ್ಲಿ ನಿನ್ನ ಮಾತು ಒಂದಾದರೂ ತಪ್ಪಿಸಿದ್ದೀನಾ?"

"ಜನರೇಟರ್."

"ಅದು ಆಗುತ್ತೆ. ಈ ವಾರ ಹಾಕಿಸ್ತೀನಿ. ಮಂತ್ರಿ ಆದರೆ ಆಸ್ಪತ್ರೆನೇ ಕಟ್ಟಿಸ್ತೀನಿ. ನಂಗೂ ಒಂದು ಆಸೆ ಇರಬಾರದಾ? ಗ್ರೀಸ್ ಕೈಯಲ್ಲಿ ಶುರು ಮಾಡಿದವನು ನಾನು. ಇಲ್ಲೀತನಕ ಬಂದಿದ್ದೀನಿ, ಇನ್ನೊಂದು ಮೆಟ್ಟಿಲು ಇದೆ. ಅದನ್ನ ನೀನೇ ಎಳೆದುಬಿಟ್ರೆ ಹೇಗೆ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಜ್ಜಿಗೂ ಅದು ಗೊತ್ತಿತ್ತು. ಮೀನಿನ ಒಳ್ಳೆಯ ತುಂಡೊಂದನ್ನು ಮಗನ ತಟ್ಟೆಗೆ ಹಾಕಿದರು.

"ಆಸೆ ಇರಲಿ ಮಗನೇ. ಆದರೆ ಆ ಹೆಂಗಸು ಕೆಲಸ ಬಿಟ್ಟಿದ್ದಾಳೆ."

"ರಾಜೀನಾಮೆ ಇನ್ನೂ ಅಂಗೀಕಾರ ಆಗಿಲ್ಲ. ವಾಪಸ್ ತಗೊಳ್ಳೋಕೆ ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ."

"ನಿಲ್ಲು ಅಂತ ಹೇಳಿದ ಬಾಯಲ್ಲಿ ಕೂತ್ಕೋ ಅಂತ ಹೇಳಲಾ? ಆಮೇಲೆ ನಾಳೆ ಬೆಂಚಿಗೆ ಬಂದವರಿಗೆ ನಾನು ಯಾವ ಬಾಯಲ್ಲಿ ಆಗುತ್ತೆ ಅನ್ನಲಿ?"

ಇಸ್ತ್ರಿ ಮುಳ್ಳುಗಳನ್ನೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ಎದ್ದ.

ಊಟವಾದ ಮೇಲೆ ವರಾಂಡದಲ್ಲಿ ಪತ್ರಿಕೆಯವರು ಇಬ್ಬರು ಕಾಯುತ್ತಿದ್ದರು. ಅಜ್ಜಿ ಕಿಟಕಿಯ ಈಚೆ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು, ಸೊಸೆ ಪಕ್ಕದಲ್ಲಿ ತಟ್ಟೆ ಒರೆಸುತ್ತಿದ್ದಳು. ಹೊರಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ತಾಯಿ ಕೊಟ್ಟ ಮಾತಿನ ಬಗ್ಗೆ ಏನು ಹೇಳುತ್ತೀರಿ ಎಂದು ಒಬ್ಬ ಕೇಳಿದ. ಇಸ್ತ್ರಿ ಕೆಮ್ಮಿದ. ಶಾಸಕರು ಹೇಳಿದರು.

"ಅಮ್ಮನಿಗೆ ವಯಸ್ಸಾಯ್ತು. ಈಚೆಗೆ ಸ್ವಲ್ಪ ಮರೆವು. ಯಾರಿಗೆ ಏನು ಹೇಳ್ತಾರೆ ಅನ್ನೋದು ಅವರಿಗೇ ಗೊತ್ತಿರಲ್ಲ. ಅದನ್ನ ಯಾರೂ ದೊಡ್ಡದು ಮಾಡಬೇಡಿ."

ಸೊಸೆ ಅತ್ತೆಯ ಕಡೆ ನೋಡಿದಳು. ಅಜ್ಜಿ ಕಾಲು ಮಡಚಿಕೊಂಡರು, ಕುರ್ಚಿಯ ಕೈ ಹಿಡಿದು ಎದ್ದರು.

"ನಾನು ಸ್ವಲ್ಪ ಮಲಗ್ತೀನಿ ಕಣೇ. ಒಲೆ ಮೇಲೆ ಹಾಲಿದೆ, ಆರಿಸೋದು ಮರೀಬೇಡ."

ಗಂಡ ಒಳಗೆ ಬಂದಾಗ ಸೊಸೆ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ಅತ್ತೆಗೆ ಮರೆವಾ?"

"ಬೇರೆ ದಾರಿ ಇರಲಿಲ್ಲ. ಅಮ್ಮ ಸುಳ್ಳು ಹೇಳಿದ್ರು ಅನ್ನೋಕಾಗುತ್ತಾ? ನಾನು ಮಾತು ತಪ್ತೀನಿ ಅನ್ನೋಕಾಗುತ್ತಾ? ಮರೆವು ಅಂದ್ರೆ ಯಾರಿಗೂ ನೋವಾಗಲ್ಲ."

"ಯಾರಿಗೂ ಅಂದ್ರೆ ಯಾರಿಗೆ? ಅವರು ಈ ಕಿಟಕಿ ಹತ್ರಾನೇ ಕೂತಿದ್ರು."

ಶಾಸಕರ ಮುಖದ ಬಣ್ಣ ಇಳಿಯಿತು. "ಕೇಳಿಸ್ತಾ?"

"ಅವರ ಕಿವಿ ಚೆನ್ನಾಗೇ ಇದೆ. ನಾಳೆ ನಾನೇನಾದ್ರೂ ನಿಮಗೆ ಬೇಡದ ಮಾತು ಹೇಳಿದ್ರೆ ನನಗೂ ಮರೆವು ಅಂತೀರೇನು?"

"ನೀನೂ ಶುರು ಮಾಡಬೇಡ."

"ನಾನು ಶುರು ಮಾಡಿದ್ದು ನಿಮ್ಮ ಮೊದಲನೇ ಚುನಾವಣೆಯಿಂದ. ಅತ್ತೆ ಹೇಳೋದು, ನಾನು ತಲುಪಿಸೋದು. ಅವರಿಗೆ ಮರೆವಾದರೆ ಇಷ್ಟು ವರ್ಷ ನೀವು ಮಾಡಿದ ಕೆಲಸ ಯಾರ ನೆನಪಿನ ಮೇಲೆ ಮಾಡಿದ್ದು?"

ಅವರು ಚಹಾ ಕುಡಿಯದೆ ಕಾರು ಹತ್ತಿದರು.

ಆ ವಾರ ಮರೆವಿನ ಮಾತು ಪತ್ರಿಕೆಯಲ್ಲಿ ಬಂತು. ಬೆಂಚಿಗೆ ಬರುವವರು ಕಡಿಮೆಯಾಗಲಿಲ್ಲ, ಆದರೆ ಬಂದವರ ರೀತಿ ಬದಲಾಯಿತು. ದರ್ಜಿ ಅಜ್ಜಿಯ ಕಿವಿಯ ಹತ್ತಿರ ಬಾಯಿ ತಂದು ಜೋರಾಗಿ "ನಾನು ಯಾರು ಗೊತ್ತಾಯ್ತಾ ಅಜ್ಜಿ?" ಎಂದ.

"ಗೊತ್ತಾಯ್ತು. ಹೋದ ವರ್ಷ ನನ್ನ ರವಿಕೆ ಬಿಗಿ ಹೊಲಿದವನು ನೀನೇ," ಎಂದರು ಅಜ್ಜಿ.

ಅವನು ನಕ್ಕ. ಆದರೂ ಹೊರಡುವ ಮುಂಚೆ ಅದೇ ವಿಷಯವನ್ನು ಒಳಗಿನ ಸಹಾಯಕನಿಗೂ ಹೇಳಿ ಹೋದ. ಅಜ್ಜಿ ಅದನ್ನು ನೋಡಿದರು. ಸಂಜೆ ಆಲೂಗಡ್ಡೆ ಹೆರೆಯುವಾಗ ಸೊಸೆಗೆ, "ನನಗೆ ನೋವಾಗಿದೆ ಕಣೇ" ಎಂದರು. "ಬೈದಿದ್ರೆ ತಡ್ಕೋತಿದ್ದೆ. ಅಮ್ಮ ಹೇಳಿದ್ದು ತಪ್ಪು ಅಂದಿದ್ರೂ ಆಗ್ತಿತ್ತು. ಇವನು ನಾನು ಹೇಳೇ ಇಲ್ಲ ಅನ್ನೋ ಹಾಗೆ ಮಾಡಿಬಿಟ್ಟ."

"ನೀವೂ ಪತ್ರಿಕೆಯವರನ್ನ ಕರೆದು ಹೇಳಿ. ನಾನು ಪಕ್ಕದಲ್ಲಿ ನಿಲ್ತೀನಿ."

"ಹೇಳಿದ್ರೆ ಅವನು ಸುಳ್ಳುಗಾರ ಆಗ್ತಾನೆ. ಹೆತ್ತ ಮೇಲೆ ಅದೊಂದು ಕಷ್ಟ."

ಜನರೇಟರ್ ಬಂತು. ಶಾಸಕರು ಹೇಳಿದ ವಾರದಲ್ಲೇ ಲಾರಿಯಲ್ಲಿ ಬಂದು ಆರೋಗ್ಯ ಕೇಂದ್ರದ ಹಿಂದೆ ಇಳಿಯಿತು. ಗುಂಡಿ ಒತ್ತುವ ದಿನ ನರ್ಸಮ್ಮ ಗೇಟಿನ ಹೊರಗೆ ಜನರ ಜೊತೆ ನಿಂತು ನೋಡಿದಳು. ರಾಜೀನಾಮೆ ವಾಪಸ್ ತೆಗೆದುಕೊಳ್ಳಿ ಎಂದು ಇಸ್ತ್ರಿ ಅವಳ ಮನೆಗೆ ಹೋಗಿ ಕೇಳಿದ. "ಅಜ್ಜಿ ಹೇಳಲಿ, ತಗೋತೀನಿ," ಎಂದಳು. ಅಜ್ಜಿ ಹೇಳಲಿಲ್ಲ. ತಿಂಗಳ ಕೊನೆಗೆ ರಾಜೀನಾಮೆ ಅಂಗೀಕಾರವಾಯಿತು.

ಇಸ್ತ್ರಿಗೆ ಈಗ ಬೇರೆ ತಲೆನೋವು. ಪತ್ರಿಕೆಯಲ್ಲಿ ಬಂದದ್ದನ್ನು ಅರ್ಧ ಊರು ನಂಬಿತ್ತು, ಇನ್ನರ್ಧ ನಂಬಿರಲಿಲ್ಲ. ಟಿಕೆಟ್ ಶಾಸಕರಿಗೇ ಬಂದಿತ್ತು, ಆದರೆ ನರ್ಸಮ್ಮ ಪಕ್ಷೇತರಳಾಗಿ ನಿಂತರೆ ಓಟು ಒಡೆಯುತ್ತದೆ. ಪುರಭವನದಲ್ಲಿ ಸಭೆ ಇಟ್ಟು ಅಜ್ಜಿಯನ್ನೇ ವೇದಿಕೆಗೆ ಕರೆಸಬೇಕು, ನೆನಪಿಲ್ಲ ಎಂದು ಅವರೇ ಒಂದು ಮಾತು ಹೇಳಿದರೆ ಮುಗಿಯಿತು ಎಂದು ಅವನು ಲೆಕ್ಕ ಹಾಕಿದ. ಇದನ್ನು ತಾಯಿಗೆ ಹೇಳುವ ಧೈರ್ಯ ಶಾಸಕರಿಗಿರಲಿಲ್ಲ. ಮಗಳನ್ನು ಕೇಳಿದರು.

"ನೀನೇ ಹೇಳು ಅಪ್ಪ," ಎಂದಳು ಅವಳು. "ನಾನು ಅಜ್ಜಿ ಹತ್ರ ಆ ಮಾತಾಡಲ್ಲ."

ಕೊನೆಗೆ ಅವರೇ ತಾಯಿಯ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತರು. ಏನು ಹೇಳಬೇಕೆಂದು ಬಂದರೋ ಅದು ಬಾಯಿಗೆ ಬರಲಿಲ್ಲ. ಮೊದಲ ಸಭೆಯ ಹಾಗೆಯೇ ಒಂದು "ಅಮ್ಮ" ಅಂದು ಅಲ್ಲಿಗೇ ನಿಂತರು.

"ಸಭೆ ಯಾವತ್ತು?" ಎಂದರು ಅಜ್ಜಿಯೇ.

"ಭಾನುವಾರ."

"ಬರ್ತೀನಿ ಬಿಡು. ಏನು ಹೇಳಬೇಕು ಅಂತ ನಂಗೆ ಗೊತ್ತು."

ಭಾನುವಾರ ಪುರಭವನ ತುಂಬಿತ್ತು. ಕುರ್ಚಿ ಸಿಗದವರು ಕಿಟಕಿಗೆ ಜೋತುಬಿದ್ದಿದ್ದರು. ನರ್ಸಮ್ಮ ಹಿಂದಿನ ಸಾಲಿನಲ್ಲಿ ಮಗಳ ಜೊತೆ ಕೂತಿದ್ದಳು. ಸೊಸೆ ಅತ್ತೆಗೆ ಒಗೆದ ಬಿಳಿ ಶಾಲು ಹೊದಿಸಿ, ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು. ಇಸ್ತ್ರಿ ಮೈಕನ್ನು ತಗ್ಗಿಸಿ ಕೊಟ್ಟ. ಅಜ್ಜಿ ಒಮ್ಮೆ ಎಲ್ಲರನ್ನೂ ನೋಡಿದರು. ಅವರಲ್ಲಿ ಬೆಂಚಿಗೆ ಬರದವರು ಕಡಿಮೆ.

"ನನಗೆ ಮರೆವು ಅಂತ ನನ್ನ ಮಗ ಹೇಳಿದ್ದಾನೆ," ಎಂದರು. "ಅವನು ಹೇಳಿದ್ದು ಸುಳ್ಳಾಗಬಾರದು. ಇಷ್ಟು ದಿನ ನನ್ನ ಮಾತು ಅವನು ಉಳಿಸಿದ, ಇವತ್ತು ಅವನ ಮಾತು ನಾನು ಉಳಿಸ್ತೀನಿ. ನನಗೆ ಮರೆವು."

ಇಸ್ತ್ರಿ ಚಪ್ಪಾಳೆಗೆ ಕೈ ಎತ್ತಿದ. ಅಜ್ಜಿ ಇನ್ನೂ ಮುಗಿಸಿರಲಿಲ್ಲ.

"ಅವನು ಕೆಲಸ ಮಾಡದಿದ್ರೆ ನನ್ನ ಕೇಳಿ ಅಂದಿದ್ದೆ. ಇನ್ನು ಮೇಲೆ ನನ್ನ ಕೇಳಬೇಡಿ. ಮರೆವು ಇರೋರ ಮಾತಿಗೆ ಬೆಲೆ ಇಲ್ಲ. ನರ್ಸಮ್ಮ, ನೀನು ನನ್ನ ಮಾತು ನಂಬಿ ಕೆಟ್ಟೆ. ತಪ್ಪು ನನ್ನದು, ಮನಸ್ಸಲ್ಲಿ ಇಟ್ಕೋಬೇಡ."

ಚಪ್ಪಾಳೆ ಬೀಳಲಿಲ್ಲ. ಅಜ್ಜಿ ಶಾಲನ್ನು ಎಳೆದುಕೊಂಡು ಸೊಸೆಯ ತೋಳು ಹಿಡಿದು ಇಳಿದರು. ಶಾಸಕರು ಆ ದಿನದ ಭಾಷಣದಲ್ಲಿ ಎಂದಿನ ಸಾಲನ್ನು ಬಿಟ್ಟರು. ಹೊರಗೆ ಬರುವಾಗ ನರ್ಸಮ್ಮ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. "ನಾನು ನಿಲ್ಲಲ್ಲ ಅಜ್ಜಿ. ನಿಮ್ಮ ಮಾತಿನ ಮೇಲೆ ನಿಂತಿದ್ದೆ," ಎಂದಳು. ಸೇತುವೆಯಾಚೆಯ ಖಾಸಗಿ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಸಂಬಳ ಮೊದಲಿನ ಅರ್ಧ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಬೇಕು.

ಶಾಸಕರು ಗೆದ್ದರು. ಮಂತ್ರಿಯೂ ಆದರು. ಕ್ಷೇತ್ರದಲ್ಲಿ ಹೇಳಿಕೊಳ್ಳುವಂಥ ಒಂದು ಕೆರೆ ಕೂಡ ಇಲ್ಲದವರಿಗೆ ಮೀನುಗಾರಿಕೆ ಖಾತೆ ಕೊಟ್ಟರು. ಮೊಮ್ಮಗಳು ಅದನ್ನು ಹೇಳಿ ಹೇಳಿ ನಕ್ಕಳು, ಅಜ್ಜಿಯೂ ನಕ್ಕರು. ಮನೆಯ ಮುಂದೆ ಪೊಲೀಸರು ನಿಂತರು, ಕಾರುಗಳು ಹೆಚ್ಚಿದವು. ಒಳಗಿನ ಕಚೇರಿಗೆ ಇನ್ನೊಂದು ಮೇಜು ಬಂತು.

ಅಜ್ಜಿ ಬೆಂಚು ಬಿಡಲಿಲ್ಲ. ಬಂದವರು ಅವರ ಮುಂದೆ ತಲೆಬಾಗಿ, ಆರೋಗ್ಯ ವಿಚಾರಿಸಿ, ಒಳಗೆ ಹೋಗುತ್ತಿದ್ದರು. ಹಳೇ ಅಭ್ಯಾಸದಿಂದ ಕೆಲವರು ಪಕ್ಕ ಕೂತು ಕಷ್ಟ ಹೇಳಿಕೊಳ್ಳುತ್ತಿದ್ದರು. ಅಜ್ಜಿ ಮೊದಲಿನಂತೆ ಪೂರ್ತಿ ಕೇಳಿಸಿಕೊಂಡು "ಒಳಗೆ ಹೋಗಿ ಹೇಳಪ್ಪ" ಎನ್ನುತ್ತಿದ್ದರು. ಸಂಜೆ ಅಡುಗೆಮನೆಯಲ್ಲಿ ಸೊಸೆ ಕೇಳಿದರೆ ಬಟಾಣಿ ಎಳೆಯದಾಗಿದೆ ಎಂದೋ, ಬೀನ್ಸಿಗೆ ಹುಳ ಬಿದ್ದಿದೆ ಎಂದೋ ಹೇಳಿ ಮುಗಿಸುತ್ತಿದ್ದರು. ಸೊಸೆ ಕೇಳುವುದನ್ನು ಬಿಟ್ಟಳು.

ಮಳೆ ನಿಂತ ಒಂದು ಸಂಜೆ ಮಂತ್ರಿಗಳು ಹೊತ್ತಿಗೆ ಮುಂಚೆ ಮನೆಗೆ ಬಂದರು. ಸಹಾಯಕರನ್ನು ಕಳಿಸಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಒಳಗೆ ಹೋಗದೆ ಬೆಂಚಿನ ಮೇಲೆ ತಾಯಿಯ ಪಕ್ಕ ಕೂತರು. ಆ ಬೆಂಚಿನ ಮೇಲೆ ಅವರು ಕೂತದ್ದು ಯಾರಿಗೂ ನೆನಪಿರಲಿಲ್ಲ. ಸೊಸೆ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಳು.

"ಸುಸ್ತಾಗಿದ್ದೀಯ," ಎಂದರು ಅಜ್ಜಿ.

"ಒಳಗೆ ಬರೋರೆಲ್ಲ ಚೆನ್ನಾಗಿದೆ ಸಾರ್, ಆಗಿದೆ ಸಾರ್ ಅಂತಾರೆ ಅಮ್ಮ. ನಿನ್ನೆ ಒಂದು ಬೀದಿಗೆ ಹೋದೆ. ನೀರಿಲ್ಲದೆ ಎಷ್ಟು ದಿನ ಆಯ್ತೋ, ನನಗೆ ಒಬ್ಬರೂ ಹೇಳಿರಲಿಲ್ಲ. ಹೆಂಗಸರು ಬಾಗಿಲು ಹಾಕ್ಕೊಂಡ್ರು." ಅವರು ಲೋಟವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. "ನಿನ್ನ ಹತ್ರ ಯಾರಾದ್ರೂ ಬಂದು ಕೂತಿರಬೇಕಲ್ಲ. ಏನಾದ್ರೂ ಹೇಳಿರಬೇಕಲ್ಲ."

ಆ ಬೀದಿಯ ಹೆಂಗಸೊಬ್ಬಳು ಮೂರು ಸಲ ಬಂದು ಅದೇ ಜಾಗದಲ್ಲಿ ಕೂತು ಅತ್ತು ಹೋಗಿದ್ದಳು. ಸೊಸೆ ಅದನ್ನು ಬಾಗಿಲಿನಿಂದ ನೋಡಿದ್ದಳು. ಅಜ್ಜಿ ಮಗನ ಮುಖವನ್ನು ನೋಡಿದರು. ಬುಟ್ಟಿಯನ್ನು ಪಕ್ಕಕ್ಕಿಟ್ಟು, ಅವರ ಬೆನ್ನ ಮೇಲೆ ಕೈ ಇಟ್ಟು ಮೆಲ್ಲಗೆ ಸವರಿದರು. ಅಜ್ಜಿಯ ಕಣ್ಣಲ್ಲಿ ನೀರು ಬಂದಿತ್ತು.

"ಹೇಳಿದ್ರೇನೋ ಮಗನೇ," ಎಂದರು. "ನನಗೆ ನೆನಪಿಲ್ಲ."